ಓದುಗರ ಪ್ರಶ್ನೆ: ಜಾಹೀರಾತು ಪಕ್ಕದ ಕೌಂಟಿಗೆ ಯಾಕೆ?

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇವೆ. ಇಲ್ಲೇ ಹೊಸ ಅಪಾರ್ಟ್‌ಮೆಂಟ್ ಬರುತ್ತಿದೆ. ಅದರಲ್ಲಿ ಕಡಿಮೆ ಆದಾಯದವರಿಗೆಂದು ಇಟ್ಟ ಮನೆಗಳ ಜಾಹೀರಾತು ಪಕ್ಕದ ಕೌಂಟಿಯಲ್ಲಿ (ಅಂದರೆ ಜಿಲ್ಲೆಯಲ್ಲಿ), ಸ್ಪ್ಯಾನಿಷ್‌ನಲ್ಲಿ ಕೂಡ ಬಂದಿದೆ. ಇಲ್ಲಿಯವರಿಗೆ ಅನ್ಯಾಯ ಅಲ್ವಾ?

ಉತ್ತರ: ಅಲ್ಲ ಕಣಮ್ಮಾ. ಕಟ್ಟಡ ಮೇಲೇಳುವುದನ್ನು ನೀವು ದಿನಾ ನೋಡುತ್ತೀರಿ, ದೇವಸ್ಥಾನದಲ್ಲಿ ಯಾರೋ ಹೇಳುತ್ತಾರೆ. ನಿಮಗೆ ಸುದ್ದಿ ಹೇಗೂ ಮುಟ್ಟುತ್ತದೆ. ಹತ್ತು ಮೈಲಿ ಆಚೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವವನಿಗೆ, ವೀಲ್‌ಚೇರ್‌ನಲ್ಲಿರುವ ಅಜ್ಜಿಗೆ ಯಾರು ಹೇಳಬೇಕು? ಅದಕ್ಕೇ ಇಂಥ ಮನೆಗಳ ಸುದ್ದಿಯನ್ನು ಇಡೀ ಪ್ರದೇಶಕ್ಕೆ ಮುಟ್ಟಿಸಬೇಕೆಂಬ ನಿಯಮವಿದೆ. ತಾವಾಗಿ ಅರ್ಜಿ ಹಾಕದವರು ಯಾರೆಂದು ಗುರುತಿಸಿ ಅವರಿಗೆ ತಿಳಿಸುವುದೇ ಅದರ ಕೆಲಸ.

ಇದರ ಹಿಂದೆ ನ್ಯೂಜೆರ್ಸಿಯ ಮೌಂಟ್ ಲಾರೆಲ್ ಎಂಬ ಊರಿನ ಪ್ರಕರಣವಿದೆ. ಊರುಗಳು ಬಡವರನ್ನು ಹೊರಗಿಡುವಂತೆ ಕಟ್ಟಡ ನಿಯಮ ಮಾಡಬಾರದು, ಇಡೀ ಪ್ರದೇಶದ ಅಗತ್ಯದಲ್ಲಿ ತಮ್ಮ ಪಾಲು ಹೊರಬೇಕು ಎಂದು ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು. ನಿಮ್ಮ ಮಿಡ್ಲ್‌ಸೆಕ್ಸ್, ಸಾಮರ್‌ಸೆಟ್, ಹಂಟರ್ಡನ್ ಮೂರೂ ಕೌಂಟಿ ವಸತಿಯ ಲೆಕ್ಕದಲ್ಲಿ ಒಂದೇ ಪ್ರದೇಶ. ಆ ಪ್ರದೇಶದಲ್ಲಿ ಇರುವವರಿಗೆ, ದುಡಿಯುವವರಿಗೆ ಆದ್ಯತೆ ಕೊಡಲು ಅವಕಾಶವೂ ಇದೆ. ಎಡಿಸನ್‌ನವರಿಗೆ ಮಾತ್ರ ಎಂದರೆ ನಡೆಯದು.

ಇನ್ನೊಂದು ಮಾತು. ಜಾಹೀರಾತು ಕಂಡವರಿಗೆಲ್ಲ ಮನೆ ಸಿಗುವುದಿಲ್ಲ. ಆಯ್ಕೆ ಲಾಟರಿಯಲ್ಲಿ. ಆಮೇಲೆ ಆದಾಯ ನೋಡುತ್ತಾರೆ: ಅದು ಪ್ರದೇಶದ ಮಧ್ಯಾಂಕ ಆದಾಯದ (ಅರ್ಧದಷ್ಟು ಮನೆಯವರು ಅದಕ್ಕಿಂತ ಹೆಚ್ಚು, ಅರ್ಧದಷ್ಟು ಕಡಿಮೆ ಗಳಿಸುವ ಮಟ್ಟ) ಶೇ. 80 ಮೀರಬಾರದು. ಜಾಹೀರಾತು ಹೇಗಿದೆ ಎಂಬುದೂ ಮುಖ್ಯ: ಅದರ ಫೋಟೋದಲ್ಲಿ ಬರೀ ಬಿಳಿ ದಂಪತಿ ಈಜುಕೊಳದ ಪಕ್ಕ ನಗುತ್ತಿದ್ದರೆ ನೀವೇ ಅರ್ಜಿ ಹಾಕುತ್ತಿದ್ದಿರಾ, ಹೇಳಿ?

ನಿಮ್ಮ ಆದಾಯ ಮಿತಿಯೊಳಗಿದ್ದರೆ ಸುಮ್ನೆ ಕೂರಬೇಡಿ, ಗಡುವಿನೊಳಗೆ ಅರ್ಜಿ ಹಾಕಿ. ಆಯ್ಕೆ ಲಾಟರಿಯಲ್ಲಾದ್ದರಿಂದ ಬೆಳಗ್ಗೆ ಐದಕ್ಕೇ ಹೋಗಿ ಸಾಲಿನಲ್ಲಿ ನಿಲ್ಲುವುದೇನೂ ಬೇಡ.