ಸಭೆಯಲ್ಲಿ ಹಾಡುವ ನನ್ನ ಉದ್ದೇಶ ಶುದ್ಧವೋ ಅಲ್ಲವೋ, ಸತ್ಯವೇದ (ಬೈಬಲ್) ಓದಿ ತಿಳಿದುಕೊಳ್ಳುವುದು ಹೇಗೆ?

ನೀವು ಕೇಳಿದ್ದು ಇಷ್ಟು: ದೇವರ ವಾಕ್ಯ ಕತ್ತಿಗಿಂತ ಹರಿತ, ಹೃದಯದ ಉದ್ದೇಶಗಳನ್ನು ವಿವೇಚಿಸುತ್ತದೆ ಅಂತ ಇಬ್ರಿಯ 4:12ರಲ್ಲಿದೆ. ದಿನಾ ಓದಿದರೂ, ಕ್ವಾಯರ್‌ನಲ್ಲಿ ಹಾಡುವುದು ದೇವರಿಗೋ ಜನರ ಮೆಚ್ಚುಗೆಗೋ ನಿಮಗೆ ತಿಳಿಯುತ್ತಿಲ್ಲ. ಮನಸ್ಸು ಶುದ್ಧವಾಗುವವರೆಗೆ ಹಾಡುವುದನ್ನು ಬಿಡಬೇಕಾ?

ನಾನೂ ದಿನಾ ಓದುತ್ತಿದ್ದೆ. ಶುಕ್ರವಾರದ ಮನೆ ಪ್ರಾರ್ಥನೆಯಲ್ಲಿ ಸಂದೇಶ ಕೊಡುತ್ತಿದ್ದೆ. ಅದೇ ಹೊತ್ತಿಗೆ ಗದಗ ಕೋರ್ಟಿನಲ್ಲಿ ಒಡಹುಟ್ಟಿದ ಅಣ್ಣನ ಮೇಲೆ ಕೇಸು ನಡೆಸುತ್ತಿದ್ದೆ.

ಬೆಟಗೇರಿಯಲ್ಲಿ ನಮ್ಮ ಅಪ್ಪನ ಮನೆ ಇದೆ. ರಸ್ತೆ ಕಡೆ ಒಂದು ಮಳಿಗೆ, ಹಿಂದೆ ವಾಸ. ಅವ್ವ ಮೊದಲೇ ಹೋಗಿದ್ದಳು. ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಅಣ್ಣ ಯಾರನ್ನೂ ಕೇಳದೆ ಮಳಿಗೆಯನ್ನು ಬಾಡಿಗೆಗೆ ಕೊಟ್ಟ. ನಮ್ಮಂಥ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗುತ್ತದೆ. ಅದರಲ್ಲಿ ಗಂಡುಮಕ್ಕಳು, ಹೆಣ್ಣುಮಕ್ಕಳು ಅಂತ ಭೇದ ಇಲ್ಲ, ಎಲ್ಲರಿಗೂ ಸಮಪಾಲು. ತಂಗಿಗೆ ಅನ್ಯಾಯ ಆಗಬಾರದು ಅಂತ ಕೇಸು ಹಾಕಿದೆ. ಸಭೆಯವರಿಗೆ ಹಾಗೇ ಹೇಳಿದೆ. ಮೊಣಕಾಲೂರಿ ದೇವರಿಗೂ ಹಾಗೇ ಹೇಳಿದೆ. ಬಾಸೆಲ್ ಮಿಷನ್‌ನವರು 1841ರಲ್ಲೇ ಬಂದು ನೆಲೆ ಮಾಡಿದ ಊರು, ಹಳೇ ಕ್ರೈಸ್ತ ಮನೆತನ ನಮ್ಮದು, ನ್ಯಾಯಕ್ಕೆ ನಿಲ್ಲುವವರು ಅಂತ ಒಂದು ಹೆಮ್ಮೆ ಬೇರೆ.

ಆದರೆ ತಂಗಿಯನ್ನು ಒಂದು ಮಾತೂ ಕೇಳಿರಲಿಲ್ಲ.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಅದು ನೋಡೋಕೆ ಭಕ್ತಿಯಂತೆಯೇ ಕಾಣುತ್ತದೆ. ಓದುವಾಗ ಕೈಯಲ್ಲಿ ಕೆಂಪು ಪೆನ್ನು ಇರುತ್ತಿತ್ತು. ದುರಾಸೆಯ ಬಗ್ಗೆ, ಸುಳ್ಳಿನ ಬಗ್ಗೆ, ಗರ್ವದ ಬಗ್ಗೆ ವಚನ ಬಂದರೆ ಅಡಿಗೆರೆ ಹಾಕಿ ಅಂಚಿನಲ್ಲಿ ಸಣ್ಣದಾಗಿ ‘ಅ’ ಅಂತ ಬರೆಯುತ್ತಿದ್ದೆ. ‘ಅ’ ಅಂದರೆ ಅಣ್ಣ. ಲೂಕ 12:15ರಲ್ಲಿ, ಎಲ್ಲಾ ಲೋಭಕ್ಕೂ ಎಚ್ಚರವಾಗಿರಿ ಅನ್ನುವ ಕಡೆ, ಎರಡು ಗೆರೆ ಎಳೆದು ‘ಅ’ ಬರೆದಿದ್ದೆ. ಅದಕ್ಕೂ ಎರಡೇ ವಚನ ಮೇಲೆ ಏನಿದೆ ಗೊತ್ತಾ? ಗುಂಪಿನಲ್ಲಿದ್ದ ಒಬ್ಬ ಬಂದು, ಆಸ್ತಿಯಲ್ಲಿ ನನಗೆ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಅಂತ ಯೇಸುವನ್ನು ಕೇಳುತ್ತಾನೆ. ಪಾಲು ಹಂಚೋಕೆ ನನ್ನನ್ನು ನೇಮಿಸಿದವರು ಯಾರು ಅಂತ ಯೇಸು ಒಪ್ಪುವುದೇ ಇಲ್ಲ. ಆಮೇಲೆ ಬರುವುದೇ ಆ ಲೋಭದ ಎಚ್ಚರಿಕೆ. ಅದು ಬಂದದ್ದು ದೂರು ತಂದವನ ಮಾತಿನಿಂದ. ಆ ದೂರುದಾರ ನಾನೇ ಆಗಿದ್ದೆ, ಮತ್ತು ನನ್ನ ಕಣ್ಣಿಗೆ ಅವನು ಬೀಳಲೇ ಇಲ್ಲ. ಇಡೀ ಪುಸ್ತಕವನ್ನು ಅಣ್ಣನ ವಿಳಾಸಕ್ಕೆ ಬಂದ ಕಾಗದದಂತೆ ಓದಿದೆ. ಹಾಗೆ ಓದಿದರೆ ಎಷ್ಟು ವರ್ಷ ಓದಿದರೂ ಕತ್ತಿ ನಮಗೆ ತಾಗುವುದಿಲ್ಲ.

ಅಷ್ಟರಲ್ಲಿ ಹಾವೇರಿಯಲ್ಲಿ ಅಣ್ಣನ ಮಗಳ ಮದುವೆ ಆಯಿತು. ನಮಗೆ ಕರೆ ಬರಲಿಲ್ಲ. ನನ್ನ ಎದೆ ಮೇಲೆ ಮಲಗಿ ಬೆಳೆದ ಕೂಸು ಅದು.

ಒಂದು ಶುಕ್ರವಾರ ನೇಕಾರರ ಮನೆಯ ಅಜ್ಜಿಯೊಬ್ಬರ ಪಡಸಾಲೆಯಲ್ಲಿ ಪ್ರಾರ್ಥನೆ. ನಾನು 1 ಸಮುವೇಲ 15 ಓದಿ ವಿವರಿಸುತ್ತಿದ್ದೆ. ಶತ್ರುಗಳಾದ ಅಮಾಲೇಕ್ಯರದ್ದು ಏನನ್ನೂ ಉಳಿಸಬೇಡ ಅಂತ ಅರಸ ಸೌಲನಿಗೆ ದೇವರ ಅಪ್ಪಣೆ. ಸೌಲ ಒಳ್ಳೊಳ್ಳೆ ಕುರಿ, ದನ ಉಳಿಸಿಕೊಳ್ಳುತ್ತಾನೆ. ಪ್ರವಾದಿ ಸಮುವೇಲ ಬಂದಾಗ, ಅಪ್ಪಣೆ ನೆರವೇರಿಸಿದೆ ಅನ್ನುತ್ತಾನೆ. ಹಾಗಾದರೆ ಈ ಕುರಿಗಳ ಕೂಗೇನು ಅಂತ ಸಮುವೇಲ ಕೇಳುತ್ತಾನೆ. ಜನ ಉಳಿಸಿದ್ದು, ನಿನ್ನ ದೇವರಿಗೆ ಯಜ್ಞ ಮಾಡೋಕೆ ಅಂತ ಸೌಲನ ಉತ್ತರ. ನಾನು ಅಣ್ಣನನ್ನೇ ನೆನೆಸಿಕೊಂಡು ಜೋರಾಗಿ ಹೇಳುತ್ತಿದ್ದೆ. ಅಜ್ಜಿ ನಡುವೆ ಕೇಳಿದರು: “ಅಲ್ಲೋ ತಮ್ಮಾ, ಸೌಲಗ ಯಜ್ಞ ಬೇಕಾಗಿತ್ತೋ, ಕುರಿ ಬೇಕಾಗಿದ್ದುವೋ?”

ನನಗೆ ಮುಂದೆ ಮಾತು ಬರಲಿಲ್ಲ. ನನಗೆ ಬೇಕಾಗಿದ್ದು ಆ ಮಳಿಗೆ. ತಂಗಿ ನನ್ನ ಯಜ್ಞ.

ತಂಗಿಗೆ ಪಾಲು ಸಿಗಬೇಕು ಅನ್ನುವುದು ಸರಿಯೇ, ಈಗಲೂ ಸರಿ. ಅದಕ್ಕೇ ಅಷ್ಟು ದಿನ ಅಡಗಿಕೊಳ್ಳೋಕೆ ಆಯಿತು. ಕೆಟ್ಟ ಕಾರಣ ಆಗಿದ್ದರೆ ಬೇಗ ಸಿಕ್ಕಿಬೀಳುತ್ತಿದ್ದೆ.

ಮನೆಗೆ ಬಂದವನೇ ನಿರ್ಧರಿಸಿದೆ: ಭಾನುವಾರ ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಬೇಕು, ಅಳಬೇಕು, ಕೇಸು ವಾಪಸ್ ಅಂತ ಸಾರಬೇಕು. ರಾತ್ರಿ ಅದೇ ಅಧ್ಯಾಯದ ಉಳಿದ ಭಾಗ ಓದಿದೆ. 30ನೇ ವಚನದಲ್ಲಿ ಸೌಲ, ಪಾಪ ಮಾಡಿದ್ದೇನೆ ಅಂತಾನೆ, ಅದೇ ಉಸಿರಿನಲ್ಲಿ, ಆದರೂ ಜನರ ಹಿರಿಯರ ಮುಂದೆ ನನ್ನ ಮರ್ಯಾದೆ ಉಳಿಸು ಅಂತಾನೆ. ನನ್ನ ಪಶ್ಚಾತ್ತಾಪಕ್ಕೂ ಪ್ರೇಕ್ಷಕರು ಬೇಕಾಗಿದ್ದರು! ಸಾಕ್ಷಿ ಹೇಳಲಿಲ್ಲ. ತಂಗಿಗೆ ಫೋನ್ ಮಾಡಿದೆ. “ಸಣ್ಣಣ್ಣ, ನನ್ನ ಹೆಸರು ಹೇಳಿ ಯಾಕ ಜಗಳಾಡಿದಿ?” ಅಂದಳು. ಆಮೇಲೆ ಬಸ್ ಹತ್ತಿ ಹಾವೇರಿಗೆ ಹೋದೆ. ಅಣ್ಣ ಅಪ್ಪಿಕೊಳ್ಳಲಿಲ್ಲ. ಕೇಸು ತೆಗೆದ ಮೇಲೆ ಮೂವರೂ ಕೂತು ವಾಟ್ನಿ (ಆಸ್ತಿ ಪಾಲು) ಮಾಡಿಕೊಂಡೆವು, ಮಳಿಗೆ ತಂಗಿಗೆ ಹೋಯಿತು. ಅಣ್ಣನ ಮಗಳು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಅದರ ಬುಡವೇ ನನಗೆ ಒಪ್ಪಿಗೆ ಇಲ್ಲ. ನಿಮ್ಮ ಹೃದಯವನ್ನು ನೀವೇ ಇಣುಕಿ ತೀರ್ಪು ಕೊಡಬಹುದು ಅಂದುಕೊಂಡಿದ್ದೀರಿ. ಹೃದಯ ಎಲ್ಲಕ್ಕಿಂತ ವಂಚಕ, ಅದನ್ನು ಬಲ್ಲವರು ಯಾರು ಅಂತ ಯೆರೆಮೀಯ 17:9 ಕೇಳುತ್ತದೆ, ಪರೀಕ್ಷಿಸುವವನು ನಾನೇ ಅಂತ ಮುಂದಿನ ವಚನದಲ್ಲಿ ದೇವರೇ ಹೇಳುತ್ತಾನೆ. ಪೌಲನೂ 1 ಕೊರಿಂಥ 4:4ರಲ್ಲಿ, ನನ್ನಲ್ಲಿ ದೋಷ ಇದೆ ಅಂತ ನನಗೆ ಅನ್ನಿಸುತ್ತಿಲ್ಲ, ಹಾಗಂತ ನಾನು ನಿರ್ದೋಷಿ ಅಲ್ಲ ಅಂತಾನೆ. ಕಣ್ಣು ಮುಚ್ಚಿ ಕೂತು ಮನಸ್ಸು ಕೆದಕುವುದರಿಂದ ಸಿಗುವುದು ಜಾಸ್ತಿ ನಮ್ಮ ಸಬೂಬುಗಳೇ.

ದಿನಕ್ಕೊಂದು ವಾಗ್ದಾನದ ವಚನ ವಾಟ್ಸಾಪ್‌ನಲ್ಲಿ ಓದಿ ಸುಮ್ನೆ ಇರಬೇಡಿ. ಇಡೀ ಅಧ್ಯಾಯ ಓದಿ, ನಿಮ್ಮನ್ನು ಹೊಗಳದ ಒಬ್ಬರ ಜೊತೆ ಕೂತು ಓದಿ. ಹಾಡುವುದನ್ನಂತೂ ಬಿಡಬೇಡಿ. ಬಿಟ್ಟ ಮೇಲೆ ‘ಯಾಕೆ ಬಿಟ್ಟೆ’ ಅಂತ ನಾಲ್ಕು ಜನ ಕೇಳಲಿ ಅನ್ನುವ ಆಸೆ ಒಳಗೆ ಇದ್ದರೆ, ಅದೂ ಸೌಲನ 30ನೇ ವಚನವೇ ಅಲ್ವಾ? ಕ್ರಿಸ್ಮಸ್‌ಗೆ ನಿಮ್ಮ ಸೋಲೋ ಬೇರೆಯವರಿಗೆ ಹೋದರೆ, ಅವರ ಹಿಂದೆ ನಿಂತು ಕೋರಸ್ ಹಾಡಿ. ಅವತ್ತು ರಾತ್ರಿ 1 ಸಮುವೇಲ 18 ತೆಗೆಯಿರಿ. ಅಲ್ಲಿ ಹೆಂಗಸರು ಸೌಲನ ಕೈಕೆಳಗಿನ ಯೋಧ ದಾವೀದನನ್ನು ಹೊಗಳಿ ಹಾಡುತ್ತಾರೆ. ಅದನ್ನು ಕೇಳಿದ ಸೌಲನಿಗೆ ಏನಾಯಿತು ಅಂತ 9ನೇ ವಚನದವರೆಗೆ ಓದಿ.