ಡಂಬೆಲ್ಸ್ ಬಂತು ಅಂತ ಮಾತ್ರೆ ಬಿಡಬೇಡಿ ಶೆಟ್ರೇ

ಡೊಂಬಿವಲಿಯ ಓದುಗರ ಪತ್ರ: "ನನಗೆ 58. ಮೂವತ್ತು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆ ಮುಂದೆ ಕೂತವನು. ಶುಗರ್‌ಗೆ ಬೆಳಿಗ್ಗೆ ಮೆಟ್‌ಫಾರ್ಮಿನ್ ಎಸ್‌ಆರ್, ಗ್ಲಿಮೆಪಿರೈಡ್ ಸೇರಿದ ಒಂದೇ ಮಾತ್ರೆ. ಮಗ ತಂದ ಡಂಬೆಲ್ಸ್ ಒಂದು ತಿಂಗಳು ಎತ್ತಿದೆ. ಖಾಲಿ ಹೊಟ್ಟೆ ಶುಗರ್ 160ರಿಂದ 130ಕ್ಕೆ ಬಂತು. ಇನ್ನು ಮಾತ್ರೆ ಬಿಡಬಹುದಾ?"

ಶೆಟ್ರೇ, ಮೊದಲು ಶಹಬ್ಬಾಸ್. ಆದರೆ ಪೂರ್ತಿ ಲಾಭವನ್ನು ಡಂಬೆಲ್ಸ್ ಖಾತೆಗೇ ಜಮಾ ಮಾಡಿದ್ದೀರಲ್ಲ, ಗಲ್ಲಾಪೆಟ್ಟಿಗೆ ಮುಂದೆ ಕೂತವರು ಹೀಗಾ ಲೆಕ್ಕ ಬರೆಯುವುದು? ರಾತ್ರಿಯಿಡೀ ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತಿರುತ್ತದೆ, ಅದನ್ನು ತಗ್ಗಿಸುವುದು ಮೆಟ್‌ಫಾರ್ಮಿನ್. ಡಂಬೆಲ್ಸ್ ಕೆಲಸ ಬೇರೆ. ಊಟದ ಸಕ್ಕರೆಯ ದೊಡ್ಡ ಗಿರಾಕಿ ನಮ್ಮ ಸ್ನಾಯು, ದುಡಿಯುವಾಗ ಅದು ಇನ್ಸುಲಿನ್‌ಗೆ ಕಾಯದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ, ಆಮೇಲೂ ಒಂದೆರಡು ದಿನ ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತದೆ. ಅದಕ್ಕೇ ವಾರಕ್ಕೆ ಎರಡು ಮೂರು ಸಲ, ನಡುವೆ ಒಂದು ದಿನ ಬಿಟ್ಟು ಎತ್ತಿ ಅನ್ನುವುದು.

ವಾಕಿಂಗ್ ಬಿಟ್ಟಿಲ್ಲ ತಾನೇ? 2010ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ 262 ಶುಗರ್ ರೋಗಿಗಳ ಮೇಲೆ 9 ತಿಂಗಳು ನಡೆಸಿದ ಅಧ್ಯಯನ ಪ್ರಕಟವಾಯಿತು. ನಡಿಗೆ, ಭಾರ ಎರಡನ್ನೂ ಮಾಡಿದವರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮಾತ್ರ ಗಮನಾರ್ಹವಾಗಿ ಇಳಿದಿತ್ತು. ಅದೂ ಎಷ್ಟು? ಸುಮಾರು 0.34 ಶೇಕಡಾ ಅಂಶ. ಒಳ್ಳೆಯದೇ, ಆದರೆ ಮಾತ್ರೆ ಡಬ್ಬಿ ಎಸೆಯುವಷ್ಟಲ್ಲ.

ನನಗೆ ನಿಜವಾಗಿ ಹೆದರಿಕೆ ಇರುವುದು ಆ ಗ್ಲಿಮೆಪಿರೈಡ್ ಬಗ್ಗೆ. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ತೀರಾ ಕುಸಿಯುವುದು ಅಪರೂಪ. ಇದು ಹಾಗಲ್ಲ, ನೀವು ತಿಂದಿರಿ ಬಿಟ್ಟಿರಿ, ಇನ್ಸುಲಿನ್ ಹೊರಡಿಸಿಯೇ ಹೊರಡಿಸುತ್ತದೆ. ಎರಡು ವರ್ಷದ ಹಿಂದೆ ನಾನೂ ಅದನ್ನೇ ನುಂಗಿ, ತಿಂಡಿ ಆಮೇಲೆ ತಿಂದರಾಯ್ತು ಅಂತ ಗಾರ್ಡನ್ನಿನ ಓಪನ್ ಜಿಮ್‌ನಲ್ಲಿ ಅರ್ಧ ಗಂಟೆ ಕಸರತ್ತು ಮಾಡಿ ಮಾಟುಂಗಾ ಸ್ಟೇಷನ್ನಿನ ಬ್ರಿಡ್ಜ್ ಹತ್ತಿದೆ. ಅರ್ಧ ದಾರಿಗೆ ಕೈ ನಡುಕ. ಶರ್ಟು ಒದ್ದೆ. ರೈಲಿನ ಸಮಯ ತೋರಿಸುವ ಇಂಡಿಕೇಟರಿನ ಅಕ್ಷರ ಕಣ್ಣಿಗೇ ಹತ್ತುತ್ತಿಲ್ಲ. ಹೂವಿನ ಬುಟ್ಟಿ ಹೊತ್ತು ಇಳಿಯುತ್ತಿದ್ದ ಮಾವುಶಿ "ಕಾಯ್ ಝಾಲಂ ಕಾಕಾ?" (ಏನಾಯ್ತು ಕಾಕಾ?) ಅಂತ ಕೂರಿಸಿ, ಕೆಳಗಿನಿಂದ ಕಟಿಂಗ್ ಚಾ ತರಿಸಿ ಕುಡಿಸಿದರು. ಮುಂಬೈ ಚಹಾದಲ್ಲಿ ಸಕ್ಕರೆ ಜಾಸ್ತಿ ಅಂತ ಬೈಯುತ್ತಿದ್ದವನು ನಾನೇ!

ಅಂದಿನಿಂದ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರುತ್ತದೆ. ನೀವೂ ಇಟ್ಟುಕೊಳ್ಳಿ. ಶುಗರ್ 70ಕ್ಕಿಂತ ಇಳಿದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ವ್ಯಾಯಾಮಕ್ಕೆ ಮುಂಚೆ 90ಕ್ಕಿಂತ ಕಮ್ಮಿ ಇದ್ದರೆ ಏನಾದರೂ ತಿಂದೇ ಶುರು ಮಾಡಿ.

ಮಾತ್ರೆಯನ್ನು ನೀವೇ ಅರ್ಧ ತುಂಡು ಮಾಡಿ ನುಂಗುವುದೂ ಬೇಡ. ಎಸ್‌ಆರ್ ಅಂದರೆ ನಿಧಾನವಾಗಿ ಕರಗಲೆಂದು ಮಾಡಿದ್ದು, ಮುರಿದರೆ ಆ ಲೆಕ್ಕವೇ ತಪ್ಪುತ್ತದೆ. ಕಣ್ಣಿನ ಪರದೆ (ರೆಟಿನಾ) ತೋರಿಸಿ ಎಷ್ಟು ದಿನ ಆಯ್ತು? ಅಲ್ಲಿ ತೊಂದರೆ ಇದ್ದರೆ ಭಾರ ಎತ್ತುವುದು ಅಪಾಯ, ಉಸಿರು ಬಿಗಿಹಿಡಿದು ಎತ್ತುವುದಂತೂ ಬೇಡವೇ ಬೇಡ.

ಶುಗರ್ ಬರೆದಿಟ್ಟ ಪುಸ್ತಕ ಹಿಡಿದು ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಗ್ಲಿಮೆಪಿರೈಡ್ ಕಮ್ಮಿ ಮಾಡಬಹುದಾ ಅಂತ ಕೇಳಿ. ಇನ್ನೆರಡು ತಿಂಗಳು ಬಿಟ್ಟು ಎಚ್‌ಬಿಎ1ಸಿ ಮಾಡಿಸಿ, ಎಷ್ಟು ಬಂತು ಅಂತ ನಮಗೂ ಬರೆಯಿರಿ.