ಸ್ಟ್ರೀಮಿಂಗ್‌ನಿಂದ ಹಾಡುಗಾರರಿಗೆ ಕ್ಯಾಸೆಟ್, ಸಿಡಿಗಳಷ್ಟು ಹಣ ಬರುತ್ತದೆಯೇ?

ನಿಮ್ಮ ತಮ್ಮನ ಭಜನಾ ಪದಗಳನ್ನು ಸಿಡಿ ಮಾಡಿಸಿ ಮಾರುವುದು ಲಾಭವೋ, ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ಕೊಡುವುದು ಲಾಭವೋ ಎಂದು ಕೇಳಿದ್ದೀರಿ. ನಾನು ಬಾದಾಮಿ ತಾಲ್ಲೂಕಿನ ಒಂದು ಭಜನಾ ಮೇಳದಲ್ಲಿ ಮೂವತ್ತು ವರ್ಷಗಳಿಂದ ಪೇಟಿ ನುಡಿಸುತ್ತಿರುವವನು. ಎರಡೂ ಕಾಲದ ದುಡ್ಡನ್ನು ಎಣಿಸಿದ್ದೇನೆ. ಎರಡನ್ನೂ ಎಣಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

1997ರಲ್ಲಿ ನಮ್ಮ ಮೇಳದ ಎಂಟು ಪದಗಳ ಕ್ಯಾಸೆಟ್ ಹೊರಬಂದಿತು. ಕಂಪನಿಯವರು ಛಾಪಾ ಕಾಗದದ ಮೇಲೆ ಎಲ್ಲರ ಸಹಿ ಹಾಕಿಸಿಕೊಂಡು, ಐದು ಜನರಿಗೆ ಸೇರಿ ನಾಲ್ಕು ಸಾವಿರ ರೂಪಾಯಿ ಹಾಗೂ ಇಪ್ಪತ್ತೈದು ಕ್ಯಾಸೆಟ್ ಕೊಟ್ಟರು. ಆ ವರ್ಷದ ಬನಶಂಕರಿ ಜಾತ್ರೆಯಲ್ಲಿ, ನಾಟಕ ಕಂಪನಿಗಳ ಎದುರಿನ ಅಂಗಡಿಗಳಲ್ಲಿ ಅದು ರಾತ್ರಿಯವರೆಗೂ ಮೊಳಗುತ್ತಿತ್ತಾದರೂ, ಮಾರಾಟವಾದ ಪ್ರತಿಗಳಿಗೂ ನಮಗೂ ಯಾವ ಸಂಬಂಧವೂ ಉಳಿದಿರಲಿಲ್ಲ. ಆದ್ದರಿಂದ ಕ್ಯಾಸೆಟ್ ಕಾಲದಲ್ಲಿ ಕಲಾವಿದರು ಚೆನ್ನಾಗಿ ಗಳಿಸಿದರೆಂಬ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ಗಳಿಸಿದವರು ಪ್ರತಿಗೆ ಇಷ್ಟೆಂದು ಕರಾರು ಮಾಡಿಕೊಂಡವರು, ಇಲ್ಲವೇ ಸ್ವಂತ ಖರ್ಚಿನಲ್ಲಿ ಮಾಡಿಸಿ ತಾವೇ ಮಾರಿದವರು. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಮೊಬೈಲ್ ಅಂಗಡಿಗಳು ಬಂದ ಮೇಲೆ ಅವರ ವ್ಯಾಪಾರವೂ ನಿಂತಿತು.

ಸ್ಟ್ರೀಮಿಂಗ್‌ನಲ್ಲಿ ಒಂದು ಸಲ ಕೇಳಿದರೆ ಇಷ್ಟು ಪೈಸೆ ಎಂಬ ನಿಗದಿತ ದರವಿಲ್ಲ. ಸ್ಪಾಟಿಫೈ ಚಂದಾ ಮತ್ತು ಜಾಹೀರಾತುಗಳಿಂದ ಬಂದ ಹಣದಲ್ಲಿ ಸುಮಾರು ಮೂರನೇ ಎರಡು ಪಾಲನ್ನು ಹಕ್ಕುದಾರರಿಗೆಂದು ತೆಗೆದಿಟ್ಟು, ಆ ತಿಂಗಳು ಜನ ಕೇಳಿದ್ದರಲ್ಲಿ ಯಾರ ಹಾಡಿನ ಪ್ರಮಾಣ ಎಷ್ಟೋ ಅದರಂತೆ ಹಂಚುತ್ತದೆ. ನಮ್ಮ ದೇಶದಲ್ಲಿ ಚಂದಾ ಅಗ್ಗ, ಪುಕ್ಕಟೆ ಕೇಳುವವರೇ ಹೆಚ್ಚು. ಹಾಗಾಗಿ ಪಾಲೂ ಚಿಕ್ಕದು. ಮೂವತ್ತು ಸೆಕೆಂಡು ಕೇಳದಿದ್ದರೆ ಅದು ಲೆಕ್ಕಕ್ಕೇ ಇಲ್ಲ. ನಮ್ಮ ಭಜನೆಯಲ್ಲಾದರೆ ಅಷ್ಟರಲ್ಲಿ ಪೇಟಿಯ ಸುರುವಾತೂ ಮುಗಿದಿರುವುದಿಲ್ಲ. 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿರದ ಹಾಡಿನ ಧ್ವನಿಮುದ್ರಣಕ್ಕೆ ಅಲ್ಲಿ ಹಣ ಸಿಗುವುದಿಲ್ಲ. ಯೂಟ್ಯೂಬ್‌ನಲ್ಲಿ 1,000 ಚಂದಾದಾರರು ಹಾಗೂ ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಆದ ಮೇಲೆ ಉದ್ದನೆಯ ವಿಡಿಯೋಗಳ ಜಾಹೀರಾತಿನ ಹಣದಲ್ಲಿ ಶೇ. 55 ಚಾನೆಲ್ಲಿನವರಿಗೆ ಬರುತ್ತದೆ.

ಲೆಕ್ಕಕ್ಕೆಂದು ಒಂದು ಸಲಕ್ಕೆ 10 ಪೈಸೆ ಎಂದಿಟ್ಟುಕೊಳ್ಳಿ. ಒಂದು ಸಿಡಿ ಮಾರಿ ಉಳಿಸುವ 60 ರೂಪಾಯಿಗೆ ಹಾಡನ್ನು 600 ಸಲ ಕೇಳಬೇಕು. ಆದರೆ ಸಿಡಿ ಹಾಕಿ ಕೇಳುವ ಯಂತ್ರವೇ ಮನೆಗಳಲ್ಲಿ ಉಳಿದಿಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ, ಧ್ವನಿಮುದ್ರಣದ ಹಕ್ಕು ಯಾರ ಹೆಸರಿನಲ್ಲಿದೆ ಎಂಬುದು. ನಮ್ಮ ಆ ಎಂಟು ಪದಗಳು ಈಗ ಯೂಟ್ಯೂಬ್‌ನಲ್ಲಿದ್ದು ಲಕ್ಷಗಟ್ಟಲೆ ಜನ ಕೇಳಿದ್ದಾರೆ. ಹಣ ಹೋಗುವುದು ಛಾಪಾ ಕಾಗದ ಇಟ್ಟುಕೊಂಡವರಿಗೆ. ನಿಮ್ಮ ತಮ್ಮ ಸ್ವತಃ ಪದ ಕಟ್ಟಿ ರಾಗ ಹಾಕಿದ್ದರೆ, ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಚನೆಕಾರನ ರಾಯಧನದ ಹಕ್ಕನ್ನು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಹೊರತು ಬೇರೆಯವರಿಗೆ ಬರೆದುಕೊಡಲು ಬರುವುದಿಲ್ಲ; ಪದ ಬರೆದವರ, ರಾಗ ಹಾಕಿದವರ ರಾಯಧನ ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಎಂಬ ಸಂಘದ ಸದಸ್ಯತ್ವ ಪಡೆಯಲಿ. ಹಳೆಯ ತತ್ವಪದಗಳಾಗಿದ್ದರೆ ಧ್ವನಿಮುದ್ರಣವೇ ಅವನ ಮುಖ್ಯ ಆಸ್ತಿ. ಚಾನೆಲ್ ಅವನ ಹೆಸರಿನಲ್ಲೇ ಇರಲಿ, ಕೆಳಗೆ ಫೋನ್ ನಂಬರ್ ಹಾಕಲಿ. ಹೋದ ಶ್ರಾವಣದಲ್ಲಿ ಎರಡು ಊರಿನವರು ನಮ್ಮ ಹೊಸ ವಿಡಿಯೋ ನೋಡಿ ಫೋನ್ ಮಾಡಿ ಭಜನೆಗೆ ಕರೆದು ಮುಂಗಡ ಹಣ ಕೊಟ್ಟರು. ಆ ಎರಡು ರಾತ್ರಿಗಳ ಸಂಭಾವನೆ ನಮ್ಮ ಚಾನೆಲ್ಲಿನ ಇಡೀ ವರ್ಷದ ಹಣಕ್ಕಿಂತ ಹೆಚ್ಚಾಗಿತ್ತು.